ಎರಡು ಕೆಂಪಿನ ರುಚಿ

ಫ್ರಾನ್ಸಿನ ಬೋರ್ಡೊದಲ್ಲಿ ಶಾಟೋ ಮಾರ್ಗೋ ಎಂಬ ಎಸ್ಟೇಟಿದೆ. ಅಲ್ಲಿನ ಹಳೇ ಕೆಂಪು ವೈನ್ ಅಳೆಯುವ ಪಂಡಿತರು ಲೋಟ ವಾಲಿಸಿ ಬಣ್ಣ ನೋಡುತ್ತಾರೆ, ಮೂಗು ತೂರಿಸುತ್ತಾರೆ, ಬಾಯಲ್ಲಿ ಆಡಿಸಿ ಕೊನೆಗೆ ಉಗಿಯುತ್ತಾರೆ. ಇದರಲ್ಲೇನು ಮಹಾ? ಚನ್ನಗಿರಿಯ ಅಡಿಕೆ ವಹಿವಾಟಿನಲ್ಲಿ ಇದೆಲ್ಲ ಟೈ ಕಟ್ಟದೆಯೇ ನಡೆಯುತ್ತದೆ.

ನಮ್ಮ ಪಂಡಿತ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆಯುತ್ತಾನೆ. ಬಣ್ಣ ನೋಡಿ, ಕುಲುಕಿ ಸದ್ದು ಕೇಳುತ್ತಾನೆ (ವೈನಿಗೆ ಈ ಭಾಗ್ಯವಿಲ್ಲ). ಒಂದನ್ನು ಕತ್ತರಿಸಿ ಒಳಗಿನ ಗೆರೆ ಓದಿ, ಹೋಳನ್ನು ಬಾಯಿಗೆ ಎಸೆದುಕೊಳ್ಳುತ್ತಾನೆ. ಇನ್ನು ಉಗಿಯುವ ವಿದ್ಯೆ! ಅದನ್ನು ಫ್ರೆಂಚರಿಂದ ಕಲಿಯುವ ದುರ್ಗತಿ ನಮಗಿಲ್ಲ. ಅವರಿಗೆ ಪುಟ್ಟ ಬಕೆಟ್ ಬೇಕು, ನಮಗೆ ಯಾವ ಗೋಡೆಯ ಮೂಲೆಯೂ ಆದೀತು.

ವೈನಿನ ಒಗರು ಟ್ಯಾನಿನ್‌ನದ್ದು, ಅಡಿಕೆಯದ್ದೂ ಅದೇ ವಂಶ. ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರೆಂಬ ಬಣ್ಣದ ರಸ ಕೊಟ್ಟು ಒಣಗಿಸಿದರೆ ಕೆಂಪು. ಬೋರ್ಡೊದವರು 1855ರಲ್ಲಿ ದರ್ಜೆ ಕಟ್ಟಿ, ಮೊದಲ ಸಾಲಿಗೆ ಇನ್ನೊಂದು ಎಸ್ಟೇಟಿಗೆ ಬಡ್ತಿ ಕೊಡಲು 1973ರವರೆಗೆ ಕಾದರು. ರಾಶಿ, ಬೆಟ್ಟೆ, ಗೊರಬಲು ಎಂಬ ನಮ್ಮ ಅಡಿಕೆ ದರ್ಜೆಗಳ ದರಕ್ಕೆ ಅಷ್ಟು ತಾಳ್ಮೆಯಿಲ್ಲ. ಅದು ಏರಿಳಿದಂತೆ ಹೊನ್ನಾಳಿ, ನ್ಯಾಮತಿ ತೋಟದವರ ರಕ್ತದೊತ್ತಡವೂ ಏರಿಳಿಯುತ್ತದೆ. ಬರದ ಜಗಳೂರಿನವರು ಮೊದಲು ಮಳೆಯ ರುಚಿ ನೋಡಬೇಕು.

ಒಳ್ಳೆಯ ವೈನು ಹಳತಾದಷ್ಟೂ ಬೆಲೆ. ಅಡಿಕೆಯನ್ನು ಮರೆತಿಟ್ಟರೆ ಹುಳುವೇ ರುಚಿ ನೋಡುತ್ತದೆ, ಅಂಕ ಮಾತ್ರ ಕೊಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇವೆರಡರ ನಡುವೆ ಭೇದವೆಣಿಸಿಲ್ಲ. ಅದರ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಅಡಿಕೆ, ಮದ್ಯ ಎರಡೂ ಮೊದಲನೇ ದರ್ಜೆ.