ಅಟ್ಟ ಸೇರಿದ ದುರ್ಬೀನಿನ ಸಂದರ್ಶನ

ವಾಶಿಯ ಕನ್ನಡಿಗರ ಹವ್ಯಾಸಿ ಖಗೋಳ ಮಂಡಳಿಯ ಏಕಮಾತ್ರ ಆಸ್ತಿಯಾದ ಆರಂಗುಲದ ಡಾಬ್ಸನ್ ದೂರದರ್ಶಕವು ಸದ್ಯ ಖಜಾಂಚಿಯ ಮನೆಯ ಅಟ್ಟದಲ್ಲಿ, ಗಣಪತಿಯ ಮಂಟಪಕ್ಕೆ ಒರಗಿ, ಹಳೆಯ ಪಂಚೆ ಹೊದ್ದು ಮಲಗಿದೆ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಟೆರೇಸಿನ ಕೀಲಿ ಕೊಡದ ಪ್ರಕರಣವನ್ನು ಮತ್ತೆ ಕೆದಕುವ ಅಗತ್ಯವಿಲ್ಲ. ಸಂದರ್ಶಕರು ಏಣಿ ಹತ್ತಿದರು.

ಕುಲಗೋತ್ರ ಕೇಳಿದಾಗ ಅದು ಹೇಳಿದ್ದಿಷ್ಟು: ಆರಂಗುಲವೆಂಬುದು ಬೆಳಕನ್ನು ಕೂಡಿಸುವ ಕನ್ನಡಿಯ ಅಡ್ಡಳತೆ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೊಳವೆಯನ್ನು ಕೂರಿಸಿ ಕೈಯಿಂದಲೇ ತಿರುಗಿಸುವ ಈ ವಿಧಾನಕ್ಕೆ ಹೆಸರು ಕೊಟ್ಟ ಜಾನ್ ಡಾಬ್ಸನ್, ಅಮೆರಿಕದ ವೇದಾಂತ ಸೊಸೈಟಿಯಲ್ಲಿ ಸನ್ಯಾಸಿಯಾಗಿದ್ದು, 1967ರಲ್ಲಿ ಆಶ್ರಮದಿಂದ ಹೊರಬಿದ್ದವರು. ಒಂದು ಸೊಸೈಟಿ ಹೊರಹಾಕಿದವರ ವಂಶಕ್ಕೆ ಇನ್ನೊಂದು ಸೊಸೈಟಿಯ ಸೆಕ್ರೆಟರಿ ಯಾವ ಲೆಕ್ಕ ಎಂದು ಅದು ಮೂಗು ಮುರಿಯಿತು.

ಪಕ್ಕದ ಕಟ್ಟಡದ ಫ್ಲಡ್‌ಲೈಟಿನ ಬಗ್ಗೆ ಕೇಳಿದ ಪ್ರಶ್ನೆಯಾಗಲಿ, ಮಳೆಗಾಲದಲ್ಲಿ ಮಸೂರಕ್ಕೆ ಹಿಡಿದ ಬೂಷ್ಟಿನ ಪ್ರಶ್ನೆಯಾಗಲಿ ಅದರ ಕಿವಿಗೆ ಬೀಳಲಿಲ್ಲ. ಅದರ ದುಃಖವೆಲ್ಲ ಶನಿಯ ಬಳೆಯದು. ಶನಿಯು ಸೂರ್ಯನನ್ನು ಸುತ್ತುವ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಗಳಲ್ಲಿ ಎರಡು ಸಲ ಆ ಬಳೆಗಳು ಭೂಮಿಗೆ ಅಂಚನ್ನಷ್ಟೇ ತೋರುತ್ತವೆಂದೂ, ಸುಮಾರು 2,70,000 ಕಿಲೋಮೀಟರ್ ಅಡ್ಡಗಲವಿದ್ದರೂ ದಪ್ಪ ಬಹುತೇಕ ಹತ್ತಾರು ಮೀಟರುಗಳಷ್ಟೇ ಆದುದರಿಂದ 2025ರ ನವೆಂಬರಿನಲ್ಲಿ ಅವು ಕೂದಲೆಳೆಯಂತೆ ಕಂಡವೆಂದೂ ಮಂಡಳಿಯವರು ಎಷ್ಟು ವಿವರಿಸಿದರೂ, ಸಾಲಿನಲ್ಲಿ ನಿಂತವರು “ಬಳೆ ಎಲ್ಲಿ?” ಎಂದು ಕೇಳಿ, ಒಬ್ಬರಂತೂ ಚಂದಾ ಹಣವನ್ನೇ ವಾಪಸು ಬೇಡಿ, ಕೊನೆಗೆ ಬಂಗಾರದ ಬಳೆ ಕದ್ದವರನ್ನು ನೋಡುವ ಹಾಗೆ ತನ್ನನ್ನು ನೋಡಿದರೆಂದು ಅದು ಹಲುಬಿತು.

ಇಲ್ಲಿ ಆಕಾಶದ ಕನ್ನಡ ಹೆಸರುಗಳನ್ನು ಕೆದಕುವ ಸಂದರ್ಶಕರ ಚಾಳಿ ತಲೆ ಎತ್ತಿತು. ಹೊರಗೆ ಸುರಿಯುತ್ತಿರುವುದು ಮಘೆ ಮಳೆಯಲ್ಲವೇ, ಸೂರ್ಯನು ಹದಿಮೂರು ಹದಿನಾಲ್ಕು ದಿನ ಯಾವ ನಕ್ಷತ್ರದಲ್ಲಿರುವನೋ ಅದರ ಹೆಸರೇ ಮಳೆಗೆ ಬರುವುದರಿಂದ ಮಘೆ ಮಳೆಯ ಕಾಲದಲ್ಲಿ ಮಘಾ ನಕ್ಷತ್ರ ರಾತ್ರಿಯ ಆಕಾಶದಲ್ಲಿ ಕಾಣುವುದೇ ಇಲ್ಲವಲ್ಲವೇ, ಇಷ್ಟು ಸೊಗಸಾದ ಸಂಗತಿಯನ್ನು ಬಿಟ್ಟು ಮಂಡಳಿಯ ಮಕ್ಕಳಿಗೆ ಮಘೆಯನ್ನು ರೆಗ್ಯುಲಸ್ ಎಂದು ಬಾಯಿಪಾಠ ಮಾಡಿಸುವುದೇಕೆ, ಆರಿದ್ರಾ ಹುಬ್ಬೆ ಚಿತ್ತೆಗಳು ಏನು ಪಾಪ ಮಾಡಿದ್ದವು ಎಂದು ಅವರು ಒಂದೇ ಉಸಿರಿಗೆ ಕೇಳಿದರು. ಇದರಲ್ಲಿ ಪ್ರಶ್ನೆ ಯಾವುದೆಂದು ದೂರದರ್ಶಕ ವಿಚಾರಿಸಿತು. ಅವರು ಬಿಡದೆ, ಸೂರ್ಯನ ಅಂಚು ಮಾತ್ರ ಉಳಿದು ಹೊಳೆಯುವ ಗ್ರಹಣಕ್ಕೆ ಕನ್ನಡದಲ್ಲಿ ಕಂಕಣ ಗ್ರಹಣವೆನ್ನುವುದನ್ನೂ, ಕಂಕಣವೆಂದರೆ ಬಳೆಯೇ ಎಂಬುದನ್ನೂ ನೆನಪಿಸಿದರು.

ದೂರದರ್ಶಕದ ದನಿ ಬದಲಾಯಿತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಆ ಕಂಕಣವನ್ನು ನೋಡಲು ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ನೆರೆದಿದ್ದ ಹೊತ್ತಿನಲ್ಲೇ, ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಮಕ್ಕಳು ಅತ್ತರು. ಚಂದ್ರನ ನೆರಳು ಎಷ್ಟು ಗಂಟೆಗೆ ಎಲ್ಲಿ ಬೀಳುವುದೆಂದು ವರ್ಷಗಳ ಮೊದಲೇ ಲೆಕ್ಕ ಹಾಕಿಟ್ಟ ದೇಶದಲ್ಲಿ, ಆ ಲೆಕ್ಕವನ್ನು ಊರೂರಿಗೆ ಒಯ್ದು ಹೇಳುವವರು ಸಾಕಷ್ಟು ಇರಲಿಲ್ಲ. ಅದಕ್ಕೆಂದೇ ಹುಟ್ಟಿದ ಮಂಡಳಿಗಳು ಕೀಲಿ, ಚಂದಾ, ಪದಾಧಿಕಾರಿಗಳ ಫೋಟೊ ಎಂದು ಕಾದಾಡುತ್ತಿವೆ.

ಸಂದರ್ಶಕರ ಬಳಿ ಮಳೆಯ ಮಾತು ಉಳಿದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮುಂಬಯಿಯ ಖಗೋಳ ಮಂಡಳದವರು ರಾತ್ರಿಯಿಡೀ ಆಕಾಶ ತೋರಿಸುವ ವಾಂಗಣಿಗೆ ಹೋಗುವ ಆಸೆಯಿದೆಯೇ ಎಂದು ಕೇಳಿದರು. ಠಾಣೆಯಲ್ಲಿ ಇಳಿದು ಕರ್ಜತ್ ಲೋಕಲ್ ಹಿಡಿಯಬೇಕು, ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಮೇಲೆ ಮಾತ್ರ ಇಡಬೇಡಿ ಎಂದು ಅದು ಹೇಳುತ್ತಿರುವಾಗಲೇ, ಮಂಟಪ ಇಳಿಸಬೇಕೆಂದು ಖಜಾಂಚಿಯ ಮನೆಯವರು ಕೆಳಗಿನಿಂದ ಏಣಿ ಕೇಳಿದರು.