ಸನ್ಮಾನ್ಯ ಹತ್ತು ಸಾವಿರ ರೂಪಾಯಿಯವರಿಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಯವರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಬಿ.ಪಿ., ಶುಗರ್ ಸಮೇತ ಕ್ಷೇಮ. ಅತ್ತ ತಾವು ಯಾವ ಖಾತೆಯಲ್ಲಿ ಕ್ಷೇಮವಾಗಿದ್ದೀರೆಂದು ತಿಳಿಸುವುದು.

ತಮ್ಮ ಪರಿಚಯ ಪೇಟೆಯವರಿಗೆ ಇರಲಾರದು, ಅವರಿಗಾಗಿ ಎರಡು ಮಾತು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹುಟ್ಟಿತಲ್ಲ, ತಾವು ಆ ಮನೆತನದ ಕಿರಿಯರು. ಊರಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಅದೇ ತಾವು. ಅಂದಿನಿಂದ ಚಿನ್ನ ಏರಿತು, ಡೀಸೆಲ್ ಏರಿತು, ಶಾಸಕರ ಸಂಬಳ ಏರಿತು, ಬ್ಲೀಚಿಂಗ್ ಪೌಡರ್ ಕೂಡ ಏರಿತು. ತಾವು ಮಾತ್ರ ಇದ್ದ ಹಾಗೇ ಇದ್ದೀರಿ. ಇಂಥ ಆರೋಗ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಸಾವಿರ ಜನರ ಊರಾದರೆ ತಲೆಗೆ ವರ್ಷಕ್ಕೆ ಹತ್ತು ರೂಪಾಯಿ. ಅಷ್ಟರಲ್ಲೇ ಚರಂಡಿ ಶುಚಿ ಮಾಡಿಸಬೇಕು, ಸೊಳ್ಳೆ ಮರಿ ಕೊಲ್ಲಬೇಕು, ಗರ್ಭಿಣಿಯರ ಪೌಷ್ಟಿಕತೆ ನೋಡಬೇಕು, ಗತಿಯಿಲ್ಲದವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಆಮೇಲೆ ವೋಚರ್ ಅಂಟಿಸಿ, ಪಂಚಾಯಿತಿ ಸದಸ್ಯರದ್ದೊಂದು, ಆಶಾ ಕಾರ್ಯಕರ್ತೆಯದ್ದೊಂದು ಸಹಿ ಹಾಕಿಸಿ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಕೊಡಬೇಕು.

ತಮ್ಮ ಅಣ್ಣನವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾರೆ, 1,75,000 ರೂಪಾಯಿ. ಮುಕ್ತ ನಿಧಿ 25,000, ಕಟ್ಟಡದ ನಿರ್ವಹಣೆ 50,000, ಆರೋಗ್ಯ ರಕ್ಷಾ ಸಮಿತಿಗೆ ಒಂದು ಲಕ್ಷ. ನೋಡಲು ದೊಡ್ಡಾಳು. ಆದರೆ ಬಯಲು ನಾಡಿನಲ್ಲಿ ಒಂದು ಕೇಂದ್ರಕ್ಕೆ ಸರ್ಕಾರವೇ ಇಟ್ಟ ಲೆಕ್ಕ 30,000 ಜನ. ಭಾಗಿಸಿ ನೋಡಿದರೆ ತಲೆಗೆ ಆರು ರೂಪಾಯಿಯೂ ಬೀಳುವುದಿಲ್ಲ. ಅಣ್ಣನೇ ತಮಗಿಂತ ಬಡವ. ಸಂಬಳ, ಔಷಧಿ ಬೇರೆ ದಾರಿಯಲ್ಲಿ ಬರುತ್ತವೆ, ಒಪ್ಪಿದೆವು. ಸೋರುವ ಸೂರು, ಕೆಟ್ಟ ಬಿ.ಪಿ. ಮಿಷನ್ ಮಾತ್ರ ತಮ್ಮ ಅಣ್ಣನವರ ದಾರಿಯನ್ನೇ ಕಾಯುತ್ತವೆ.

ನಮ್ಮ ಕಡೆಯಿಂದ ಕೊಡುಗೆ ಕಡಿಮೆಯೇನಿಲ್ಲ. ಹೊಳೆನರಸೀಪುರ ತಾಲ್ಲೂಕು 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನೇ ಕೊಟ್ಟಿತು. ಚನ್ನರಾಯಪಟ್ಟಣದ ಕಡೆಯಿಂದ ಹೋದ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದರು. ಹಾಸನ ಆಲೂಗಡ್ಡೆ ಕೊಟ್ಟಿತು. ಅರಕಲಗೂಡು ತಂಬಾಕು ಕೊಟ್ಟಿತು; ಅದನ್ನು ಹರಾಜು ಹಾಕಲು ರಾಮನಾಥಪುರದಲ್ಲಿ ಕೇಂದ್ರ ಸರ್ಕಾರದ ತಂಬಾಕು ಮಂಡಳಿಯೇ ಮಾರುಕಟ್ಟೆ ನಡೆಸುತ್ತದೆ. ಆ ತಂಬಾಕಿನಿಂದ ಎದೆ ಹಿಡಿದುಕೊಂಡವರನ್ನು ವಿಚಾರಿಸಿಕೊಳ್ಳಲು ಅದೇ ಸರ್ಕಾರ ತಮ್ಮನ್ನು ಕಳಿಸಿದೆ.

2025ರ ಮೇ, ಜೂನ್ ತಿಂಗಳು ತಮಗೆ ನೆನಪಿರಬೇಕು. ಹೃದಯಾಘಾತದ ಸಾವುಗಳ ಸುದ್ದಿಯಿಂದ ನಮ್ಮ ಜಿಲ್ಲೆ ದೇಶಕ್ಕೆಲ್ಲ ಪರಿಚಯವಾಯಿತು. ಎದೆ ಸರಿಯಾಗಿದೆಯೇ ಎಂದು ತಿಳಿಯಲು ಹಾಸನದ ಜನ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿಗೆ ಹೋಗಿ ಅಲ್ಲಿನ ಜಯದೇವ ಶಾಖೆಯ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಕಾರಣಗಳೂ ಹಳೆಯವೇ: ಸಕ್ಕರೆ, ರಕ್ತದೊತ್ತಡ, ಧೂಮಪಾನ, ಬೊಜ್ಜು. ಸಾಯುತ್ತಿರುವುದು ಎಂದಿನ ಪ್ರಮಾಣದಲ್ಲೇ ಎಂದು ತಿಳಿದು ನಮಗೂ ಎದೆ ಹಗುರಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ, ಅದರ ಜೊತೆಗೆ ದುಬಾರಿ ಇಂಜೆಕ್ಷನ್ನು ಬಂದವು. ಒಳ್ಳೆಯದೇ, ಬೇಡವೆನ್ನಲು ನಾವ್ಯಾರು? ಎದೆ ಒಡೆದ ಮೇಲೆ ಸಿಗುವ ಸತ್ಕಾರ ಈಗ ಚೆನ್ನಾಗಿದೆ. ಅದು ಒಡೆಯುವ ಹತ್ತು ವರ್ಷ ಮೊದಲು ಉಪಕೇಂದ್ರದ ಬೆಂಚಿನ ಮೇಲೆ ತೋಳಿಗೆ ಪಟ್ಟಿ ಕಟ್ಟಿ ನೋಡುವ ಕೆಲಸವಿದೆಯಲ್ಲ, ಅದರ ಫೋಟೋ ಚೆನ್ನಾಗಿ ಬರುವುದಿಲ್ಲ.

ಹಣವೇ ಇಲ್ಲವೆಂದಲ್ಲ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕವೇ ಆರೋಗ್ಯಕ್ಕೆಂದು 70,051 ಕೋಟಿ ಶಿಫಾರಸು ಮಾಡಿತು. ನಮ್ಮ ಪುಣ್ಯ ನೋಡಿ, ಅದೇ 2021ರಲ್ಲಿ ಕರ್ನಾಟಕದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಉಡುಗೊರೆ ಬಂದಾಗ ಮನೆಯ ಯಜಮಾನನೇ ಇಲ್ಲ. ನಮ್ಮ ಊರಿನ ಉಪಕೇಂದ್ರದ ಬಗ್ಗೆ ಪಂಚಾಯಿತಿ ಸಭೆಯಲ್ಲಿ ಮೇಜು ಕುಟ್ಟಿ ಕೇಳಬೇಕಾದವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಅವರು ಮೇಜು ಕುಟ್ಟುವ ಜಾತಿಯಲ್ಲ.

ಹಾಗೆಂದು ಕೇಂದ್ರ ಸರ್ಕಾರ ಸುಮ್ಮನಿತ್ತೇ? 2023ರ ನವೆಂಬರಿನಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನೆಲ್ಲ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯಬೇಕೆಂದಿತು. ಬೋರ್ಡು ಬದಲಿಸಲು ಒಂದೊಂದಕ್ಕೆ 3,000 ರೂಪಾಯಿ. ಊರಿಗೆ ವರ್ಷವಿಡೀ ತಾವೊಬ್ಬರೇ. ಹೆಸರಿಗೆ ತಮ್ಮ ಹತ್ತರಲ್ಲಿ ಮೂರು ಪಾಲು.

ಇನ್ನು ತಮ್ಮ ಹೆಸರಿನವರೇ ಆದ ಇನ್ನೊಬ್ಬರ ಸುದ್ದಿ. ನಮ್ಮ ಮನೆ ಬಾಗಿಲಿಗೆ ಬರುವ ಒಂದೇ ಸರ್ಕಾರವೆಂದರೆ ಆಶಾ ಅಕ್ಕಂದಿರು. ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತು ತಿಂಗಳಿಗೆ ಕನಿಷ್ಠ ಹತ್ತು ಸಾವಿರದ ಭರವಸೆ ಪಡೆದು ಬಂದರು. ಆಗಸ್ಟ್‌ನಲ್ಲಿ, ಕೊಟ್ಟ ಮಾತಿನ ಆದೇಶ ಎಲ್ಲಿ ಎಂದು ಕೇಳಲು ಮತ್ತೆ ಧರಣಿ ಕುಳಿತರು. ತಮ್ಮ ಯುಸಿ ಬರೆಯುವವರೂ ಅವರೇ ಎಂಬುದು ತಮ್ಮ ಅವಗಾಹನೆಯಲ್ಲಿರಲಿ.

ಆದ್ದರಿಂದ ತಮ್ಮಲ್ಲಿ ಬಿನ್ನಹ: ದಯಮಾಡಿಸುವುದಾದರೆ ಏಪ್ರಿಲ್‌ನಲ್ಲೇ ದಯಮಾಡಿಸಿ. ಮಾರ್ಚ್ 31ರ ಸಂಜೆ ಬಂದು ಮಧ್ಯರಾತ್ರಿಯೊಳಗೆ ಖರ್ಚಾಗಬೇಕೆಂದರೆ, ಅಷ್ಟು ಹೊತ್ತಿನಲ್ಲಿ ನಮಗೆ ಸಿಗುವುದು ಬ್ಲೀಚಿಂಗ್ ಪೌಡರ್ ಒಂದೇ. ಬರುವಾಗ ಒಬ್ಬರೇ ಬರಬೇಡಿ. ಕೈ ಹಿಡಿದು ಇನ್ನೂ ಹತ್ತು ಮಂದಿಯನ್ನು ಕರೆತನ್ನಿ. ಒಂದು ಬಿ.ಪಿ. ಮಿಷನ್ನು, ಸಕ್ಕರೆ ನೋಡುವ ಪಟ್ಟಿಗಳು, ತಪ್ಪದೆ ಸಿಗುವ ಮಾತ್ರೆ, ಇಷ್ಟಾದರೆ ಸದ್ಯಕ್ಕೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕಿನ ಫಲಾನುಭವಿಗಳು

ಪ್ರತಿಗಳು:
ಮಾನ್ಯ 1,75,000 ರೂಪಾಯಿಯವರು, ಪ್ರಾಥಮಿಕ ಆರೋಗ್ಯ ಕೇಂದ್ರ: ಮಾಹಿತಿಗಾಗಿ.
ಮಾನ್ಯ 70,051 ಕೋಟಿಯವರು, ನವದೆಹಲಿ: ನಮ್ಮ ಗುರುತು ಸಿಕ್ಕರೆ ಸೂಕ್ತ ಕ್ರಮಕ್ಕಾಗಿ.
ಜಿಲ್ಲಾ ಪಂಚಾಯಿತಿಯ ಚುನಾಯಿತ ಸದಸ್ಯರು, ಹಾಸನ: ಆಯ್ಕೆಯಾದ ಕೂಡಲೇ ತಲುಪಿಸುವುದು.