ಬಳಿಯುವುದಷ್ಟೇ ನನ್ನ ಕೆಲಸ

(ಹಳದಿ ಹೈಲೈಟರ್ ಪೆನ್ನಿನ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಓದಿದ್ದು ತಲೆಯಲ್ಲಿ ನಿಲ್ಲಲಿ ಎಂದು ನಿಮ್ಮನ್ನು ಕೊಳ್ಳುತ್ತಾರೆ. ನಿಲ್ಲುತ್ತದೆಯೇ?

ನಿಲ್ಲುವುದು ಪುಟದಲ್ಲಿ. ತಲೆಯ ಗುತ್ತಿಗೆಯನ್ನು ನಾನು ಯಾವತ್ತೂ ಹಿಡಿದಿಲ್ಲ. 2013ರಲ್ಲಿ ಮನೋವಿಜ್ಞಾನಿ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ಕಲಿಕೆಯ ಹತ್ತು ವಿಧಾನಗಳ ಬಗ್ಗೆ ನಡೆದಿದ್ದ ಸಂಶೋಧನೆಗಳನ್ನು ಜರಡಿ ಹಿಡಿದರು. ಗೆರೆ ಎಳೆಯುವುದು, ಬಣ್ಣ ಬಳಿಯುವುದು ಕೊನೇ ಬೆಂಚಿಗೆ ಹೋದವು. ಓದಿದ್ದನ್ನೇ ಮತ್ತೆ ಓದುವುದೂ ಪಕ್ಕದಲ್ಲೇ ಕೂತಿತು. ಮೊದಲ ಬೆಂಚು ಸಿಕ್ಕಿದ್ದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ ಮತ್ತು ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದಕ್ಕೆ. ಆ ವರದಿಯ ಮುಖ್ಯ ಸಾಲುಗಳಿಗೂ ಯಾರೋ ನನ್ನನ್ನೇ ಬಳಿದಿರುತ್ತಾರೆ, ಬಿಡಿ.

ಓದಿದ ತೃಪ್ತಿಯಾದರೂ ಸಿಗುತ್ತದಲ್ಲ?

ನಾನು ಮಾರುವುದೇ ಅದನ್ನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ಹುಡುಗರಿಗೆ ಸೂರ್ಯನ ಬಗ್ಗೆ, ಕಡಲ ನೀರುನಾಯಿಯ ಬಗ್ಗೆ ಪುಟ್ಟ ಪಾಠಗಳನ್ನು ಓದಲು ಕೊಟ್ಟರು. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಹಾಳೆ ಕಿತ್ತುಕೊಂಡು, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಮುಂದಿತ್ತು. ವಾರ ಕಳೆದ ಮೇಲೆ ಅದರಲ್ಲಿ ಉಳಿದದ್ದು ಶೇ. 42, ಬರೆದು ನೋಡಿದ್ದರಲ್ಲಿ ಶೇ. 56. ತಮಾಷೆಯೆಂದರೆ, ಮುಂದಿನ ಪ್ರಯೋಗದಲ್ಲಿ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ನಂಬಿದ್ದವರು ಓದಿದ್ದನ್ನೇ ಓದಿದವರು. ಕಣ್ಣಿಗೆ ಪರಿಚಯವಾದದ್ದನ್ನೆಲ್ಲ ಮನಸ್ಸು 'ಗೊತ್ತಿದೆ' ಎಂದು ಜಮಾ ಮಾಡಿಕೊಳ್ಳುತ್ತದೆ. ಆ ಖಾತೆಗೆ ಹಳದಿ ಅಂಕಿತ ಹಾಕುವವನು ನಾನು. ನಿಮ್ಮ ಹಳೇ ಕಾಲದ ಕೂಲಿಮಠದ ಅಯ್ಯನವರು ಇಂಥ ಪ್ರಯೋಗವೇನೂ ಮಾಡದೆಯೇ 'ಎಲ್ಲಿ, ಪಾಠ ಒಪ್ಪಿಸು' ಎನ್ನುತ್ತಿದ್ದರು.

ಹಾಗಾದರೆ ಬಾಯಿಪಾಠದ ಪರ ವಕಾಲತ್ತೇ?

ಅಲ್ಲ. ಬಾಯಿಪಾಠದವನು ಪುಸ್ತಕದ ಮಾತನ್ನು ಪುಸ್ತಕಕ್ಕೇ ಹಿಂತಿರುಗಿಸುತ್ತಾನೆ. ನಾನು ಹೇಳುತ್ತಿರುವುದು, ಪುಟ ಮುಚ್ಚಿ, ಲೇಖಕ ಏನು ವಾದಿಸಿದ, ಯಾವ ಆಧಾರ ಕೊಟ್ಟ ಎಂದು ತನ್ನ ಮಾತಲ್ಲಿ ಹೇಳಿಕೊಳ್ಳುವುದನ್ನು. ತಡವರಿಸಿದ ಜಾಗವೇ ಮತ್ತೆ ಓದಬೇಕಾದ ಜಾಗ.

ದಿನಕ್ಕೆ ಮೂವತ್ತು ಲೇಖನ ಮೊಬೈಲಿಗೆ ಬಂದು ಬೀಳುವಾಗ ಅಷ್ಟು ಪುರುಸೊತ್ತು ಎಲ್ಲಿದೆ? ವೇಗದ ಓದು ಕಲಿತರೆ ಸಾಲದೇ?

ವೇಗದ ಓದಿನ ಜಾಹೀರಾತುಗಳನ್ನು ಮನೋವಿಜ್ಞಾನಿ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟವಾದ ಲೇಖನದಲ್ಲಿ ಒರೆಗೆ ಹಚ್ಚಿದರು: ವೇಗ ಏರಿದಂತೆ ಗ್ರಹಿಕೆ ಸೋರುತ್ತದೆ. ಆದರೆ ಮೇಲೆಮೇಲೆ ಕಣ್ಣಾಡಿಸುವುದು ದಂಡವಲ್ಲ. ಯಾವುದನ್ನು ಬಿಡಬಹುದು ಎಂದು ತಿಳಿಯಲು ಅದೇ ಬೇಕು. ಶೀರ್ಷಿಕೆ, ಮೊದಲ ಪ್ಯಾರಾ, ಕೊನೆಯ ಪ್ಯಾರಾ ನೋಡಿ ಇಪ್ಪತ್ತೆಂಟನ್ನು ಕೈಬಿಟ್ಟರೆ ಉಳಿದೆರಡಕ್ಕೆ ಪುರುಸೊತ್ತು ತಾನಾಗಿ ಹುಟ್ಟುತ್ತದೆ. ಬಿಡಲು ಮನಸ್ಸಾಗದವರು 'ಆಮೇಲೆ ಓದೋಣ' ಎಂದು ಎತ್ತಿಡುತ್ತಾರೆ, ಅಟ್ಟಕ್ಕೆ ಹಾಕಿದ ಹಳೇ ಪಾತ್ರೆಗಳಂತೆ.

ನಿಮ್ಮಿಂದ ಏನೂ ಪ್ರಯೋಜನವಿಲ್ಲವೇ?

ಇದೆ ಸ್ವಾಮಿ. ಪೂರ್ತಿ ಓದಿದ ಮೇಲೆ ಪುಟಕ್ಕೊಂದು ಸಾಲು ಬಳಿದರೆ, ಬೇಕಾದಾಗ ಹುಡುಕಿಕೊಡುತ್ತೇನೆ. ಆದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪಠ್ಯಪುಸ್ತಕಗಳನ್ನು ಬಿಡಿಸಿ ನೋಡಿ: ಒಂದನೇ ಅಧ್ಯಾಯ ಸಾಸಿವೆ ಹೊಲದಂತೆ ಹಳದಿ, ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಗೆರೆ, ಮೂರರಿಂದಾಚೆಗೆ ಕಾಗದ ಅಚ್ಚಾದ ದಿನದಷ್ಟೇ ಶುಭ್ರ.